ಮೂರನೇ ಹಾಸಿಗೆಯ ಐಸ್

ಎರಡನೇ ದೋಸೆ ಕಾವಲಿಗೆ ಬೀಳುವುದಕ್ಕೂ ಫೋನ್ ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಅಂಗಯರ್ಕಣ್ಣಿ ಸೌಟು ಹಿಡಿದೇ ಓಡಿದಳು.

"ಅಕ್ಕಾ, ವಾರ್ಡಿನ ಫ್ರಿಜ್ ಕೈಕೊಟ್ಟಿದೆ," ಆಸ್ಪತ್ರೆಯ ಆಯಾ ಪೇಚಿಯ ದನಿ. "ಹತ್ತಕ್ಕೆ ಮೂರನೇ ಹಾಸಿಗೆ ತಾತನ ಹೃದಯ ಅಳೀತಾರಂತೆ. ನಿಮ್ಮನೆ ಐಸ್ ತರ್ತೀರಾ?"

"ಇಡೀ ಮಧುರೈಯಲ್ಲಿ ನನ್ನೊಬ್ಬಳ ಮನೇಲೇನಾ ಫ್ರಿಜ್ ಇರೋದು?"

"ಬೇರೆ ಸಿಸ್ಟರ್‌ಗಳು ಫೋನ್ ಎತ್ತಲಿಲ್ಲ ಅಕ್ಕ. ನೀವು ಎತ್ತಿದ್ರಿ."

ಎತ್ತಿದ ತಪ್ಪಿಗೆ ಮನೆಯ ಐಸೆಲ್ಲ ಫ್ಲಾಸ್ಕಿಗೆ ಸೇರಿತು. ಅಷ್ಟರಲ್ಲಿ ದೋಸೆ ಸೀದ ವಾಸನೆಗೆ ಎದ್ದು ಓಡಿಬಂದ ಐದು ವರ್ಷದ ಮಗಳು ಇಲಕ್ಕಿಯಾ ಬಾಗಿಲಿಗೆ ಹಣೆ ಚಚ್ಚಿಕೊಂಡಳು. ನೋಡನೋಡುತ್ತಾ ನಿಂಬೆಹಣ್ಣಿನಷ್ಟು ಬುಗುಟು. ಅಂಗಯರ್ಕಣ್ಣಿ ಫ್ಲಾಸ್ಕಿನಿಂದ ಒಂದು ತುಂಡು ಐಸ್ ತೆಗೆದು, ಸೆರಗಿನಲ್ಲಿ ಸುತ್ತಿ ಒತ್ತಿ ಹಿಡಿದಳು. ಮಗು ಕೈಕಾಲು ಬಡಿಯುತ್ತಿತ್ತು. ತನ್ನ ಇನ್ನೊಂದು ಕೈಯಲ್ಲಿದ್ದುದನ್ನೇ ಅದರ ಮುಷ್ಟಿಗೆ ತುರುಕಿದಳು.

"ಇದನ್ನ ಗಟ್ಟಿಯಾಗಿ ಹಿಡ್ಕೋ ಕಂದ. ನಾನು ಹೇಳೋವರೆಗೂ ಬಿಡಬಾರ್ದು. ನೋವೆಲ್ಲ ಮುಷ್ಟಿಗೆ ಇಳಿದುಹೋಗತ್ತೆ."

ಇಳಿಯಿತೆಂದು ಕಾಣುತ್ತದೆ, ಅಳು ನಿಂತಿತು. ಬುಗುಟು ಹೊತ್ತ ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟುಹೋಗಲು ತಾಯಿಗೆ ಮನಸ್ಸು ಬರಲಿಲ್ಲ. ಫ್ಲಾಸ್ಕಿನ ಮೇಲೆ ಲೋಟದಂಥ ಮುಚ್ಚಳ ತಿರುಗಿಸಿ, ಚೀಲಕ್ಕೆ ಹಾಕಿ, ಮಗಳನ್ನು ಸೊಂಟಕ್ಕೇರಿಸಿ ಬಸ್ಸು ಹಿಡಿದಳು.

ಮೇ ತಿಂಗಳ ಬಸ್ಸು ಇಡ್ಲಿ ಪಾತ್ರೆಯಂತೆ ಬೇಯುತ್ತಿತ್ತು. ಚೀಲ ಒಂದು ತೊಡೆಯ ಮೇಲೆ ಮಲಗಿತ್ತು, ಮಗಳು ಇನ್ನೊಂದರ ಮೇಲೆ. ಎರಡು ತಿಂಗಳ ಮೇಲೆ ಸಿಕ್ಕಿದ್ದ ಈ ಭಾನುವಾರದ ರಜೆಯಲ್ಲಿ ವೈಗೈ ಅಣೆಕಟ್ಟಿಗೆ ಹೋಗಿ ಪುಟ್ಟ ರೈಲು ಹತ್ತುವ ಮಾತಾಡುತ್ತಿರುವಾಗ ಪಕ್ಕದ ಹೆಂಗಸು ಮೂಗು ಮುಚ್ಚಿಕೊಂಡಳು.

"ನಿನ್ನ ಸೀರೆ ಒದ್ದೆಯಾಗಿದೆ ನೋಡಮ್ಮ. ಮಗು ಉಚ್ಚೆ ಹೊಯ್ದಿರ್ಬೇಕು."

"ನನ್ನ ಮಗಳು ಅಂಥವಳಲ್ಲ! ಇದು ಬೆವರು!"

"ಅಮ್ಮಾ, ಇದು..." ಇಲಕ್ಕಿಯಾ ಮುಷ್ಟಿ ಎತ್ತಿದಳು.

"ನೀನು ಸುಮ್ನಿರು ಚಿನ್ನ. ಆಮೇಲೆ ಕೇಳು."

ವಾರ್ಡಿನ ಬಾಗಿಲಲ್ಲೇ ಡಾಕ್ಟರ್ ಇನ್ಬರಸನ್ ಚೀಲ ಕಿತ್ತುಕೊಂಡರು. ಅವರು ಕೆಲಸಕ್ಕೆ ಸೇರಿ ಒಂದು ವಾರವಾಗಿತ್ತು. "ಬೇಗ ಕೊಡಿ ಸಿಸ್ಟರ್, ದೊಡ್ಡ ಡಾಕ್ಟರ್ ಬಂದೇಬಿಟ್ರು!"

ಮಗಳನ್ನು ನರ್ಸುಗಳ ಕೋಣೆಯಲ್ಲಿ ಕೂರಿಸಿ, "ಅಮ್ಮಾ, ಇದನ್ನ..." ಎಂಬುದಕ್ಕೆ "ಆಮೇಲೆ" ಎಂದು ಹೇಳಿ, ಸಮವಸ್ತ್ರ ತೊಟ್ಟು ಅಂಗಯರ್ಕಣ್ಣಿ ಬರುವಷ್ಟರಲ್ಲಿ ಅಳತೆ ಮುಗಿದಿತ್ತು. ವಾರ್ಡಿನಲ್ಲಿ ಮದುವೆಮನೆಯ ಕಳೆ.

"ನಿಮಿಷಕ್ಕೆ ಏಳೂಮುಕ್ಕಾಲು ಲೀಟರ್ ರಕ್ತ!" ದೊಡ್ಡ ಡಾಕ್ಟರ್ ತಿರುವೇಂಗಡಂ ಕೈತಟ್ಟಿದರು. "ಹೃದಯವೇನ್ರೀ ಇದು, ಪೈಲ್ವಾನನ ಪಂಪು! ಔಷಧದ ಡ್ರಿಪ್ ತೆಗೀರಿ. ಮಧ್ಯಾಹ್ನವೇ ಜನರಲ್ ವಾರ್ಡಿಗೆ, ನಾಳೆ ಮನೆಗೆ."

ಮೂರನೇ ಹಾಸಿಗೆಯ ಮಾಸಾಣಮುತ್ತು ಒಂದು ಕಾಲದಲ್ಲಿ ನಾದಸ್ವರ ಊದಿದವರು. ಈಗ ಒಂದು ಲೋಟ ಕಾಫಿ ಕುಡಿಯುವಾಗ ಉಸಿರಿಗಾಗಿ ನಾಲ್ಕು ಸಲ ನಿಲ್ಲಿಸುತ್ತಿದ್ದರು. "ಅಷ್ಟು... ಜೋರಿದ್ರೆ..." ಎಂದು ಏದುಸಿರು ಬಿಟ್ಟರು, "ನಾನ್ಯಾಕೆ... ಇಲ್ಲಿ ಮಲಗಿದೀನಿ... ಸಾಮೀ?"

ಡ್ರಿಪ್ ತೆಗೆದರೆ ಮುದುಕ ಸಂಜೆ ಕಾಣುವುದಿಲ್ಲ. ಅಂಗಯರ್ಕಣ್ಣಿ ಡ್ರಿಪ್ಪಿನ ಕಂಬಕ್ಕೆ ಅಡ್ಡ ನಿಂತಳು. "ನಾನು ತೆಗೆಯೋಕೆ ಬಿಡಲ್ಲ ಸಾರ್."

ದೊಡ್ಡ ಡಾಕ್ಟರ್ ಯಂತ್ರದ ಕಡೆ ಬೆರಳು ತೋರಿಸಿದರು.

"ಯಂತ್ರ ಹೇಳ್ತಿದೆಯಮ್ಮ!"

"ಯಂತ್ರ ತಾತನ ಕಾಲು ನೋಡಿಲ್ಲ ಸಾರ್, ನಾನು ನೋಡಿದೀನಿ. ಬೆರಳಿಟ್ರೆ ಪಲ್ಲಾಂಗುಳಿ ಮಣೆ ಥರ ಕಾಳು ಹಾಕಿ ಆಡೋಷ್ಟು ಗುಳಿ ಬೀಳತ್ತೆ."

"ನೀವೇನು ಡಾಕ್ಟರಾ?"

"ಅಲ್ಲ. ಹದಿನಾಲ್ಕು ವರ್ಷದಿಂದ ಈ ಯಂತ್ರಕ್ಕೆ ಐಸ್ ಹೊರೋಳು."

ಹಾಗೆಂದು, ಸಿರಿಂಜುಗಳು ಮಲಗಿದ್ದ ಬೋಗುಣಿಗೆ ಬೆರಳದ್ದಿದಳು. ಎಳೆಕೂಸನ್ನು ಮೀಯಿಸುವಂಥ ನೀರು! "ಐಸ್ ಎಲ್ಲಿ ಡಾಕ್ಟರ್?"

"ಫ್ಲಾಸ್ಕಲ್ಲಿ ನೀರೇ ಇತ್ತು ಸಿಸ್ಟರ್. ಫ್ಲಾಸ್ಕಿನದಲ್ವಾ, ತಣ್ಣಗಿರತ್ತೆ ಅಂದ್ಕೊಂಡೆ," ಇನ್ಬರಸನ್ ತೊದಲಿದರು.

"ಐಸಲ್ಲಿ ತಣಿಸಿದ ಸಿರಿಂಜಿನ ನೀರನ್ನ ಹೃದಯದೊಳಗೆ ಬಿಡ್ತೀವಿ. ಅದರ ತಣುಪು ಎಷ್ಟು ಬೇಗ ಮಾಯವಾಗತ್ತೆ ಅಂತ ನೋಡಿ, ಎಷ್ಟು ರಕ್ತ ಹರೀತಿದೆ ಅಂತ ಯಂತ್ರ ಹೇಳತ್ತೆ. ಐಸ್ ಅಂತ ನಂಬಿಸಿ ಬಿಸಿನೀರು ಬಿಟ್ರೆ, ರಕ್ತದ ಹೊಳೆಯೇ ಬಂದು ತಣುಪನ್ನ ನುಂಗಿಬಿಡ್ತು ಅಂದ್ಕೊಳತ್ತೆ ಆ ಬೆಪ್ಪು!"

ಉತ್ತರಕ್ಕೂ ಕಾಯದೆ ಅವಳು ಗೇಟಿನ ಎದುರಿನ ಜಿಗರ್‌ತಂಡಾ ಎಂಬ ತಂಪು ಹಾಲಿನ ಅಂಗಡಿಗೆ ಓಡಿದಳು.

"ಹಾಲು ಜಾಸ್ತಿ ಹಾಕ್ಲಾ ಸಿಸ್ಟರ್, ಬಾದಾಮಿ ಅಂಟು ಜಾಸ್ತಿ ಹಾಕ್ಲಾ?"

"ಏನೂ ಬೇಡ, ಬರೀ ಐಸ್ ಹಾಕು! ಒಬ್ರ ಎದೆಗೆ!"

ಬೋಗುಣಿ ತುಂಬ ಐಸ್ ಸುರಿದು, ಹೊಸ ಸಿರಿಂಜುಗಳು ನಡುಗುವಷ್ಟು ತಣ್ಣಗಾದ ಮೇಲೆ ಮೂರು ಸಲ ಅಳೆದರು. ಮೂರು. ಮೂರೂಕಾಲು. ಮೂರು. ಪೈಲ್ವಾನ ಕ್ಷಣದಲ್ಲಿ ಬಡಕಲಾದ. ತಿರುವೇಂಗಡಂ ಕನ್ನಡಕ ಒರೆಸಿಕೊಂಡು, "ಡ್ರಿಪ್ ಇರಲಿ," ಎಂದರು. ಮಾಸಾಣಮುತ್ತು ಮಲಗಿದಲ್ಲೇ ಅವಳಿಗೆ ಕೈಮುಗಿದರು.

ಅಂಗಯರ್ಕಣ್ಣಿ ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

"ನಾನು ಕಂಠಮಟ್ಟ ತುಂಬಿ ತಂದ ಐಸ್ ಸಾರ್! ಈ ವಾರ್ಡಲ್ಲಿ ಯಾರೋ ಶರಬತ್ತಿಗೆ ಹೊಡೆದಿದಾರೆ. ತಾತನ ಪ್ರಾಣ ಹೋಗ್ತಿತ್ತು!" ಅವಳ ಕಣ್ಣು ಪೇಚಿಯ ಮೇಲೆ ನಿಂತಿತು.

"ನನ್ನ ನೋಡ್ಬೇಡಿ ಅಕ್ಕ. ಇರೋದು ನಾಲ್ಕು ಹಲ್ಲು, ಐಸ್ ಅಂದ್ರೆ ನಾಲ್ಕೂ ಜುಮ್ಮನ್ನತ್ತೆ."

"ತಪ್ಪಿತಸ್ಥರಿಗೆ ಏನು ಶಿಕ್ಷೆ ಕೊಡ್ಲಿ, ನೀವೇ ಹೇಳಿ," ಎಂದರು ದೊಡ್ಡ ಡಾಕ್ಟರ್. ಸೋತವರಿಗೆ ಉದಾರಿಗಳಾಗುವ ಅವಸರ.

"ಮೂರು ತಿಂಗಳು ಭಾನುವಾರದ ರಜೆ ಇಲ್ಲ. ಈ ವಾರದಿಂದಲೇ. ಫ್ರಿಜ್ ರಿಪೇರಿ ಆಗೋವರೆಗೂ ದಿನಾ ಐಸ್ ಹೊರಬೇಕು. ಯಾರೇ ಆಗಿರ್ಲಿ, ದಯೆ ದಾಕ್ಷಿಣ್ಯ ಬೇಡ. ಬರೆದು ಸಹಿ ಹಾಕಿ ಸಾರ್."

ತಿರುವೇಂಗಡಂ ಬರೆದರು, ಸಹಿ ಹಾಕಿದರು. ಪೇಚಿ ಅದನ್ನು ಗೋಡೆಗೆ ಅಂಟಿಸಿ, ಅಂಗೈಯಿಂದ ಚೆನ್ನಾಗಿ ಸವರಿದಳು.

ಆಗ ಗಾಜಿನ ಬಾಗಿಲು ತಳ್ಳಿಕೊಂಡು ಇಲಕ್ಕಿಯಾ ಬಂದಳು. ಹಣೆಯ ಮೇಲೆ ಬುಗುಟು, ಮುಖವೆಲ್ಲ ಬೆವರು. ದೊಡ್ಡ ಡಾಕ್ಟರನ್ನೂ ಲೆಕ್ಕಿಸದೆ ನೆಟ್ಟಗೆ ತಾಯಿಯ ಮುಂದೆ ಬಂದು ನಿಂತು, ಕೈ ಚಾಚಿ, ಜೋಮು ಹಿಡಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕೆಂಪಾದ ಅಂಗೈಯಲ್ಲಿ ಫ್ಲಾಸ್ಕಿನ ಒಳಬಾಯಿಯ ಬಿರಡೆ ಅಂಟಿಕೊಂಡಿತ್ತು.

"ಅಮ್ಮಾ, ಇದನ್ನ ಇನ್ನೂ ಎಷ್ಟೊತ್ತು ಹಿಡ್ಕೊಂಡಿರ್ಬೇಕು?"