ಯಾರಿಗೆ ಯಾವ ಪುಸ್ತಕ

ಓದುವ ಕೋಣೆಯನ್ನು ವ್ಯಾಯಾಮದ ಕೋಣೆ ಮಾಡಬೇಕೆಂದು ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷರಿಗೆ ಹೊಳೆದದ್ದೇ ಎಲ್ಲ ಫಜೀತಿಗೂ ಮೂಲ.

ನಾಲ್ಕು ಮಹಡಿಯ ಆ ಕಟ್ಟಡದಲ್ಲಿ ಮೆಟ್ಟಿಲ ಪಕ್ಕಕ್ಕೆ ಒಂದು ಕೋಣೆ. ಗೋಡೆಯುದ್ದಕ್ಕೂ ಪುಸ್ತಕ, ನಡುವೆ ಒಂದು ಮೇಜು, ಮೇಜಿನ ಹಿಂದೆ ಪ್ರೂಫಯ್ಯ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಜೀವಮಾನವೆಲ್ಲ ಪ್ರೂಫ್ ನೋಡಿ ನಿವೃತ್ತನಾದ ಈತನಿಗೆ ಕಟ್ಟಡದವರು ಇಟ್ಟ ಹೆಸರು ಅದು. ಅಪ್ಪ ಅಮ್ಮ ಇಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ಕೋಣೆಯ ಬೀಗದ ಕೈ ಆತನ ಹತ್ತಿರ ಇರುತ್ತಿತ್ತು. ಸಂಬಳವಿಲ್ಲದ ಕೆಲಸ. ಆದರೆ ಬೆಳಗ್ಗೆ ಎದ್ದು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಳ್ಳಲು ಅದೊಂದೇ ಕಾರಣ.

ಇಲ್ಲದಿದ್ದರೆ ಮಗನ ಮನೆಯಲ್ಲಿ ಕೂರಬೇಕು. ಮಗ ಸೊಸೆ ಕೆಟ್ಟವರೇನಲ್ಲ. "ಮಾವ, ಸ್ವಲ್ಪ ಕಾಲೆತ್ತಿ, ನೆಲ ಒರೆಸ್ಬೇಕು" ಎಂದು ಸೊಸೆ ಮರ್ಯಾದೆಯಿಂದಲೇ ಹೇಳುತ್ತಿದ್ದಳು. ಆತನೂ ಕಾಲೆತ್ತಿ, ನೆಲ ಒಣಗುವ ತನಕ ಹಾಗೇ ಇರುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಆತನ ಸ್ಥಾನ ಕುರ್ಚಿಗಿಂತ ಸ್ವಲ್ಪ ಮೇಲೆ, ಟೀವಿಗಿಂತ ಬಹಳ ಕೆಳಗೆ.

ಹಿಂದಿನ ದಿನ ಅಧ್ಯಕ್ಷರು ಬಾಗಿಲಲ್ಲೇ ನಿಂತು ಹೇಳಿಬಿಟ್ಟಿದ್ದರು. "ಇಲ್ಲಿ ನಿಮ್ಮನ್ನ ಬಿಟ್ರೆ ಒಂದು ನರಪಿಳ್ಳೆ ಇಲ್ಲ. ನಾಳೆ ಸಾಯಂಕಾಲ ಬರ್ತೀನಿ. ಆಗ್ಲೂ ಹೀಗೇ ಇದ್ರೆ ಬೀಗದ ಕೈ ಕೊಟ್ಬಿಡಿ."

ಜನ ಪುಸ್ತಕದ ಹತ್ತಿರ ಬಾರದಿದ್ದರೆ ಪುಸ್ತಕವೇ ಜನರ ಮನೆಗೆ ಹೋಗಲಿ ಎಂದು ಪ್ರೂಫಯ್ಯ ಬೆಳಗಾಗುತ್ತಲೇ ನಿರ್ಧರಿಸಿದ. ಯಾರಿಗೆ ಯಾವ ಪುಸ್ತಕ ಒಗ್ಗುತ್ತದೆ ಎನ್ನುವುದು ತನಗೆ ಗೊತ್ತು ಎಂಬ ಒಂದೇ ಒಂದು ಜಂಬ ಆತನಿಗಿತ್ತು. ಕತೆ ಬೇಕಾದವರಿಗೆ ಕತೆ, ನಡೆದದ್ದು ಬೇಕಾದವರಿಗೆ ನಡೆದದ್ದು. ಆರಿಸಿದ ಪುಸ್ತಕಗಳನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದ.

ಸಂಗೀತದ ಟೀಚರಿಗೆ, ಮರುಭೂಮಿಯಲ್ಲಿ ಒಂಟಿಯಾಗಿ ಬದುಕಿದವನೊಬ್ಬ ಮೌನದ ಬಗ್ಗೆ ಬರೆದ ಪುಸ್ತಕ ಕೊಟ್ಟ. ಸ್ವರದ ಬೆಲೆ ಬಲ್ಲವರಿಗೆ ಮೌನದ ಬೆಲೆಯೂ ತಿಳಿದಿರುತ್ತದೆ ಎಂದು ಆತನ ಎಣಿಕೆ. ಗಟ್ಟಿ ಕುಳ ಎನಿಸಿಕೊಂಡಿದ್ದ ಕಂಟ್ರಾಕ್ಟರಿಗೆ ಗಟ್ಟಿ ಪುಸ್ತಕವೇ ಬೇಕೆಂದು, ಜೈಲಿನಲ್ಲಿ ಕಳೆದ ದಿನಗಳ ನೆನಪುಗಳನ್ನು ಕೊಟ್ಟ. ಬಸ್ ಡ್ರೈವರನ ಹೆಂಡತಿ ಹೊತ್ತು ಹೋಗುವುದಿಲ್ಲ ಎನ್ನುತ್ತಿದ್ದಳು. ಆಕೆಗೆ ಹಿಡಿದರೆ ಬಿಡಲಾಗದ ಪತ್ತೇದಾರಿ ಕಾದಂಬರಿ. ಅದರಲ್ಲಿ ಗಂಡನಿಗೆ ವಿಷ ಹಾಕಿದವಳು ಹೆಂಡತಿಯೇ ಎಂಬುದು ಆ ಗಳಿಗೆಯಲ್ಲಿ ಆತನಿಗೆ ಮುಖ್ಯವೆನಿಸಲಿಲ್ಲ.

ಎಲ್ಲರೂ ನಗುನಗುತ್ತಲೇ ತೆಗೆದುಕೊಂಡರು. ಮುಂದೆಯೂ ಎಲ್ಲ ಸರಿಯಿರುತ್ತಿತ್ತೋ ಏನೋ, ಮೆಟ್ಟಿಲ ಮೇಲೆ ಮ್ಯಾನೇಜರು ಇಲ್ಲದಿದ್ದರೆ. ಬ್ಯಾಂಕಿನಿಂದ ನಿವೃತ್ತರಾದ ಈ ಮ್ಯಾನೇಜರು ಮೂಗು ತೂರಿಸದ ವಿಷಯವೇ ಇರಲಿಲ್ಲ. ಪುಸ್ತಕದೊಳಗೆ ಮಾತ್ರ ಆ ಮೂಗು ಒಮ್ಮೆಯೂ ಹೋದದ್ದಿಲ್ಲ.

"ಮೌನದ ಪುಸ್ತಕ ಕೊಟ್ರಾ ನಿಮ್ಗೆ?" ಎಂದರು ಟೀಚರಿಗೆ. "ಅವ್ರು ಸುಮ್ನೆ ಕೊಡೋ ಮನುಷ್ಯ ಅಲ್ಲ ಟೀಚರ್. ಅಳೆದು ತೂಗಿ ಕೊಡ್ತಾರೆ. ಏನೋ ಅರ್ಥ ಇರ್ಬೇಕು." ಅಷ್ಟು ಸಾಕಾಯಿತು. ಕಂಟ್ರಾಕ್ಟರಿಗೂ ಅದನ್ನೇ ಹೇಳಿದರು.

ಮೊದಲು ಬಂದವರು ಟೀಚರು. ಪುಸ್ತಕವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ಆ ಮೆಲ್ಲಗೆಯೇ ಭಯ ಹುಟ್ಟಿಸುವಂತಿತ್ತು. "ನನ್ನ ಪಾಠದಿಂದ ತೊಂದ್ರೆ ಆಗ್ತಿದ್ರೆ ಬಾಯಿಬಿಟ್ಟು ಹೇಳ್ಬಹುದಿತ್ತಲ್ಲ ಸಾರ್. ಹೀಗೆ ಪುಸ್ತಕ ಕೊಟ್ಟು ಚುಚ್ಚೋದ್ಯಾಕೆ?"

"ಅಯ್ಯೋ, ಹಾಗಲ್ಲಮ್ಮ, ಅದ್ರಲ್ಲಿ ಏಳನೇ ಅಧ್ಯಾಯ ಓದಿದ್ರೆ..." ಎಂದು ಪ್ರೂಫಯ್ಯ ತೊದಲುತ್ತಿರುವಾಗಲೇ ಕಂಟ್ರಾಕ್ಟರ್ ಬಾಗಿಲು ತುಂಬಿ ನಿಂತಿದ್ದ.

"ಯಜಮಾನ್ರೇ, ನಾನು ಒಳಗೆ ಹೋಗ್ತೀನಿ ಅಂತ ಯಾರು ಹೇಳಿದ್ದು ನಿಮ್ಗೆ? ಕೇಸಿನ್ನೂ ಕೋರ್ಟಲ್ಲಿದೆ." ಕೇಸೊಂದಿದೆ ಎಂಬುದೇ ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಟೀಚರು ತಮ್ಮ ಸಿಟ್ಟು ಮರೆತು ಆತನ ಕೈಯಲ್ಲಿದ್ದ ಪುಸ್ತಕವನ್ನು ಇಣುಕಿ ನೋಡಿದರು.

ಅಷ್ಟರಲ್ಲಿ ಡ್ರೈವರ್ ಬಂದ. ಯಾರನ್ನೂ ಬೈಯದ ಸಾಧು ಮನುಷ್ಯ. "ಸಾರ್, ಅವಳ ಕೈಗೆ ಆ ಪುಸ್ತಕ ಯಾಕೆ ಕೊಟ್ರಿ? ಬೆಳಗ್ಗೆಯಿಂದ ಓದ್ತಾ ಇದಾಳೆ. ಈಗ ಕಾಫಿ ತಂದಿಟ್ಟು ಪಕ್ಕದಲ್ಲೇ ನಿಂತ್ಕೊಂಡು, ನಾನು ಕುಡಿಯೋದನ್ನೇ ನೋಡ್ತಾ ಇದ್ಲು. ಕುಡಿಯದೆ ಬಂದ್ಬಿಟ್ಟೆ."

ಪ್ರೂಫಯ್ಯ ಒಬ್ಬೊಬ್ಬರಿಗೂ ಕೈಮುಗಿದ. ಯಾರನ್ನೂ ನೋಯಿಸಬೇಕೆಂದು ಆತ ಕನಸಿನಲ್ಲೂ ಎಣಿಸಿದವನಲ್ಲ. ಇನ್ನು ಮುಂದೆ ಯಾರಿಗೂ ಯಾವ ಪುಸ್ತಕವನ್ನೂ ಹೇಳುವುದಿಲ್ಲ ಎಂದು ಎಲ್ಲರೆದುರು ಮಾತು ಕೊಟ್ಟ.

ಆದರೆ ಬಂದವರು ಹೋಗಲಿಲ್ಲ. ಪಕ್ಕದ ಮನೆಯವರಿಗೆ ಏನು ಕೊಟ್ಟಿದ್ದಾರೆ ಎಂದು ತಿಳಿಯದೆ ಅವರು ಹೋಗುವುದಾದರೂ ಹೇಗೆ? ಟೀಚರು ಜೈಲಿನ ಪುಸ್ತಕ ಹಿಡಿದು ಕೂತರು. ಕಂಟ್ರಾಕ್ಟರ್ ಮೌನದ ಪುಸ್ತಕ ತೆರೆದ. ಡ್ರೈವರ್ ಮನೆಗೆ ಓಡಿ ಕಾದಂಬರಿಯನ್ನು ಕಸಿದು ತಂದು, ಕೊನೆಯ ಪುಟದಿಂದ ಶುರು ಮಾಡಿದ. ಅವನ ಹಿಂದೆಯೇ ಹೆಂಡತಿ ಬಂದಳು. ಸುದ್ದಿ ಮಹಡಿಯಿಂದ ಮಹಡಿಗೆ ಏರಿ, ಸಾಯಂಕಾಲದ ಹೊತ್ತಿಗೆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೀಗದ ಕೈ ಉಳಿಯಿತು ಎಂದು ಪ್ರೂಫಯ್ಯನಿಗೆ ಮೊದಲ ಬಾರಿ ಧೈರ್ಯ ಬಂತು.

ಅಧ್ಯಕ್ಷರು ಬಂದಾಗ ಜನ ಸರಿದು ದಾರಿ ಬಿಟ್ಟರು. ಅವರು ಸುತ್ತ ನೋಡಿ, ಮೇಜಿನ ಬಳಿ ಬಂದರು. ಅವರ ಹೆಂಡತಿ ತೀರಿಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ನಿದ್ದೆ ಬರುತ್ತಿಲ್ಲವೆಂದು ಡಾಕ್ಟರು ವ್ಯಾಯಾಮ ಮಾಡಲು ಹೇಳಿದ್ದರು. ಹೊಸ ಕೋಣೆಯ ಆಸೆ ಹುಟ್ಟಿದ್ದು ಹಾಗೆ.

"ಇಷ್ಟು ಜನ ಓದ್ತಾರೆ ಅಂದ್ರೆ ಏನೋ ಇರ್ಬೇಕು. ನನಗೂ ಒಂದು ಪುಸ್ತಕ ಹೇಳಿ ನೋಡೋಣ" ಎಂದರು.

ಪ್ರೂಫಯ್ಯನ ಕೈ ತಾನಾಗಿಯೇ ಹಿಂದಿನ ಕಪಾಟಿಗೆ ಹೋಗಿ ಒಂದು ತೆಳ್ಳನೆಯ ಪುಸ್ತಕವನ್ನು ಹಿಡಿದುಕೊಂಡಿತು. ಅದರಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು, ದಿನಾ ಎರಡು ಲೋಟ ಇಡುತ್ತಿದ್ದ ಕೈಗೆ ಒಂದೇ ಲೋಟ ಇಡಲು ಕಲಿಸಿದ್ದನ್ನು ಬರೆದಿದ್ದಳು. ತನ್ನ ಹೆಂಡತಿ ಹೋದಾಗ ಮಗನ ಮುಂದೆ ಅಳಲಾಗದ ಪ್ರೂಫಯ್ಯ ಅದನ್ನು ಓದಿ ಅತ್ತಿದ್ದ. ಅಧ್ಯಕ್ಷರಿಗೆ ಇದಕ್ಕಿಂತ ಸರಿಯಾದ ಪುಸ್ತಕ ಲೋಕದಲ್ಲೇ ಇರಲಿಲ್ಲ.

ಕೈ ಚಾಚಬೇಕು ಎನ್ನುವಷ್ಟರಲ್ಲಿ ಟೀಚರು ಕೆಮ್ಮಿದರು. ಕಂಟ್ರಾಕ್ಟರ್ ತಲೆಯೆತ್ತಿದ. ಹೆಂಡತಿ ಸತ್ತವರಿಗೆ ಸಾವಿನ ಪುಸ್ತಕವೇ ಎಂದು ಇವರೆಲ್ಲ ಮುಗಿಬಿದ್ದರೆ? ಪ್ರೂಫಯ್ಯ ಪುಸ್ತಕವನ್ನು ಮೇಜಿನ ಮೇಲಿಟ್ಟು ಕೈ ಹಿಂದೆಗೆದುಕೊಂಡ.

"ತಮಗೆ ಯಾವುದು ಇಷ್ಟವೋ ತಗೊಳ್ಳಿ ಸಾರ್. ಎಲ್ಲಾ ಚೆನ್ನಾಗೇ ಇವೆ."

"ದಿನಾ ಇಲ್ಲೇ ಕೂರ್ತೀರಿ. ಒಂದು ಪುಸ್ತಕದ ಹೆಸರು ಹೇಳಕ್ಕಾಗಲ್ವಾ?"

ಪ್ರೂಫಯ್ಯ ನೆಲ ನೋಡಿದ. ಆ ಸಂದು ಮ್ಯಾನೇಜರಿಗೆ ಸಾಕಾಗಿತ್ತು. ಮುಂದೆ ನುಗ್ಗಿ, ಮೇಜಿನ ಮೇಲೆ ಕೈಗೆ ಸಿಕ್ಕಿದ್ದನ್ನು ಎತ್ತಿ ಕೊಟ್ಟರು. "ಇದು ಓದಿ ಸಾರ್. ತಮಗೆ ಅಂತಾನೇ ಬರೆದ ಹಾಗಿದೆ." ಅವರು ಹೆಸರನ್ನೂ ಓದಿರಲಿಲ್ಲ, ತೆಳ್ಳಗಿದೆ, ಬೇಗ ಮುಗಿಯುತ್ತದೆ ಎಂದಷ್ಟೇ ಕಂಡಿತ್ತು.

ಅಧ್ಯಕ್ಷರು ಮೊದಲ ಪುಟವನ್ನು ನಿಂತೇ ಓದಿದರು. ಎರಡನೆಯದಕ್ಕೆ ಕುರ್ಚಿ ಎಳೆದುಕೊಂಡರು. ನಾಲ್ಕನೆಯದಕ್ಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಅವಳು ಹೋದ ಮೇಲೆ ಎಲ್ರೂ ಧೈರ್ಯ ಹೇಳಿದ್ರು" ಎಂದರು ಮ್ಯಾನೇಜರ ಕೈ ಹಿಡಿದು. "ನನ್ನ ಮನಸ್ಸು ಅರ್ಥ ಮಾಡ್ಕೊಂಡೋರು ನೀವೊಬ್ರೇ. ಈ ಕೋಣೆ ಹೀಗೇ ಇರ್ಲಿ. ಆದ್ರೆ ಬೀಗದ ಕೈ ನಿಮ್ಮ ಹತ್ರ ಇರ್ಬೇಕು. ಜನರನ್ನ ಬಲ್ಲವರು ಕೂರೋ ಜಾಗ ಇದು."

ಪ್ರೂಫಯ್ಯ ಜೇಬಿನಿಂದ ಬೀಗದ ಕೈ ತೆಗೆದು ಕೊಟ್ಟ. ಪುಸ್ತಕ ಸೇರಬೇಕಾದವರನ್ನು ಸೇರಿತು ಎಂದು ಸ್ವಲ್ಪ ಸಂತೋಷವೂ ಆಯಿತು. ಅದಕ್ಕಾಗಿ ತನ್ನ ಮೇಲೆಯೇ ಸಿಟ್ಟು ಬಂತು.

ಎಲ್ಲರೂ ಹೋದ ಮೇಲೆ ಮೆಟ್ಟಿಲ ತಿರುವಿನಲ್ಲಿ ಮ್ಯಾನೇಜರು ಆತನ ತೋಳು ಹಿಡಿದು ನಿಲ್ಲಿಸಿದರು. ಅಕ್ಕಪಕ್ಕ ನೋಡಿ, ದನಿ ತಗ್ಗಿಸಿದರು.

"ಅಲ್ಲ ರೀ, ಆ ಪುಸ್ತಕದಲ್ಲಿ ಏನಿದೆ? ನಾಳೆ ಅಧ್ಯಕ್ಷರು ಅದರ ಬಗ್ಗೆ ಮಾತಾಡೋಕೆ ಬರ್ತಾರಂತೆ."

ಗೊತ್ತಿಲ್ಲ ಎಂದುಬಿಡಬೇಕೆಂದು ಪ್ರೂಫಯ್ಯ ಬಾಯಿ ತೆರೆದ. ನಾಳೆ ಈ ಮನುಷ್ಯ ಬಾಯಿಗೆ ಬಂದದ್ದು ಹೇಳಿದರೆ ಅಧ್ಯಕ್ಷರ ಎದೆ ಒಡೆದು ಹೋಗುತ್ತದೆ ಎನಿಸಿತು. ಮೆಟ್ಟಿಲ ಮೇಲೆ ಕೂತು ಆ ಹೆಂಗಸಿನ ಅಡುಗೆಮನೆಯಿಂದ ಶುರು ಮಾಡಿದ.

"ಸ್ವಲ್ಪ ನಿಧಾನ ಹೇಳಿ" ಎಂದರು ಮ್ಯಾನೇಜರು. "ನಾಳೆ ನಾನು ಹೇಳ್ಬೇಕಲ್ಲ."

ಪ್ರೂಫಯ್ಯ ಮತ್ತೆ ಮೊದಲಿನಿಂದ, ನಿಧಾನವಾಗಿ ಹೇಳತೊಡಗಿದ.