ಲೇಸರ್ ಕಂಡ ಒಸಡು

ಜಂಬಪಡಲು ಮನುಷ್ಯನಿಗೆ ಏನಾದರೊಂದು ಬೇಕೇ ಬೇಕು. ಬಳ್ಳಾರಿಯಲ್ಲಿ ಗಣಿಯ ಅಬ್ಬರ ಜೋರಾಗಿದ್ದ ಕಾಲದಲ್ಲಿ ಕೆಲವರ ಮನೆ ಮುಂದೆ ವಿದೇಶಿ ಕಾರುಗಳು ನಿಂತವು, ಒಬ್ಬಿಬ್ಬರು ಹೆಲಿಕಾಪ್ಟರನ್ನೇ ತರಿಸಿದರು. ಪ್ರಾಥಮಿಕ ಶಾಲೆಯ ಮೇಷ್ಟ್ರಾದ ನನ್ನ ಬಳಿ ಇದ್ದದ್ದು ಮೂವತ್ತೆರಡು ಹಲ್ಲು. ಕಡಿಮೆ ಎಂದುಕೊಳ್ಳಬೇಡಿ. ಕುರುಗೋಡಿನ ನಮ್ಮ ಮನೆತನದಲ್ಲಿ ಹಲ್ಲು ಉದುರಿಸಿಕೊಂಡವರೇ ಇಲ್ಲ. ನಮ್ಮಜ್ಜ ಕಡೆಯವರೆಗೂ ಖಡಕ್ ರೊಟ್ಟಿಯನ್ನು ನೆನೆಸದೆ ತಿಂದವರು. ಐವತ್ತು ದಾಟಿದ ನಾನೂ ಮದುವೆ ಮನೆಗಳಲ್ಲಿ ಸೋಡಾ ಬಾಟಲಿಯ ಮುಚ್ಚಳವನ್ನು ಹಲ್ಲಿನಿಂದಲೇ ತೆಗೆದುಕೊಡುತ್ತಿದ್ದೆ. ಯಾರೂ ಕೇಳದಿದ್ದರೂ ತೆಗೆದುಕೊಡುತ್ತಿದ್ದೆ.

ನನ್ನ ಶಾಲೆ ಊರಾಚೆ, ಅದಿರು ಲಾರಿಗಳು ಓಡಾಡುವ ರಸ್ತೆಯಲ್ಲಿತ್ತು. ದಿನವೂ ಸ್ಕೂಟರಿನಲ್ಲಿ ಲಾರಿಗಳ ಹಿಂದೆ ಹೋಗಿ, ಲಾರಿಗಳ ಹಿಂದೆಯೇ ಬರುತ್ತಿದ್ದೆ. ಅಂಗಿ ಕೆಂಪು, ಕಿವಿ ಕೆಂಪು, ಕರವಸ್ತ್ರವಂತೂ ಹೇಳುವುದೇ ಬೇಡ. ಹೀಗಿರುವಾಗ ಬೆಳಿಗ್ಗೆ ಹಲ್ಲುಜ್ಜಿ ಉಗುಳಿದ್ದು ಕೆಂಪಗಿದ್ದರೆ ಯಾರಿಗೆ ಅನುಮಾನ ಬರುತ್ತದೆ? ಅದಿರಿನ ಧೂಳು ಎಂದುಕೊಂಡೆ. ಒಂದು ವರ್ಷ ಹಾಗೆಯೇ ಅಂದುಕೊಂಡೆ. ನನ್ನ ಬಾಯಲ್ಲಿ ಇಷ್ಟು ಅದಿರಿದ್ದರೆ ನಾನೂ ಸಣ್ಣ ಗಣಿ ಮಾಲೀಕನೇ ಎಂದು ಶಾಲೆಯಲ್ಲಿ ಎಲ್ಲರನ್ನೂ ನಗಿಸುತ್ತಲೂ ಇದ್ದೆ. ದಸರಾ ರಜೆಯಲ್ಲಿ ಒಂದು ಬೆಳಿಗ್ಗೆ ನನ್ನ ಹೆಂಡತಿ ನೀಲಮ್ಮ ಬಚ್ಚಲ ಬಾಗಿಲಿಗೆ ಬಂದು ನಿಂತಳು. ಸಿರುಗುಪ್ಪದವಳು, ಮಾತು ಕಡಿಮೆ.

"ಏನ್ರೀ, ಸಾಲಿ ಮುಚ್ಚಿ ಹತ್ತು ದಿನ ಆತು. ಲಾರಿ ಮುಖ ನೋಡಿಲ್ಲ ನೀವು. ಮತ್ತ ಈ ಕೆಂಪು ಎಲ್ಲಿಂದ ಬರಾಕತ್ತೈತಿ?"

ನಾಲಿಗೆಯಿಂದ ಕೆಳಗಿನ ಮುಂದಿನ ಹಲ್ಲನ್ನು ಮುಟ್ಟಿ ನೋಡಿದೆ. ಅಲುಗಾಡಿತು. ಅಜ್ಜನ ಮುಖ ಕಣ್ಣ ಮುಂದೆ ಬಂತು.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಾವಿದ್ದ ಓಣಿಯಲ್ಲೇ ಲಾರಿಗಳಿಗೆ ತಾಡಪತ್ರಿ ಹೊಲಿಯುವ ಒಬ್ಬರಿದ್ದರು. ಅವರ ಮಗಳು ಶಬಾನಾ ನನ್ನ ಕೈಯಲ್ಲೇ ಅಕ್ಷರ ಕಲಿತು, ಹಲ್ಲಿನ ಡಾಕ್ಟರಾಗಿ ಬ್ರೂಸ್‌ಪೇಟೆಯಲ್ಲಿ ಕ್ಲಿನಿಕ್ ತೆರೆದಿದ್ದಳು. ಅವಳು ನನ್ನ ಬಾಯೊಳಗೆ ದೀಪ ಹಿಡಿದು ನೋಡಿ, "ಸರ್, ಹಲ್ಲಿಗೇನೂ ಆಗಿಲ್ರಿ. ಒಸಡು ಕೆಟ್ಟೈತಿ. ಹಿಂಗ ಬಿಟ್ರ ಮುಂದಿನ ಹಲ್ಲು ಉಳಿಯಂಗಿಲ್ಲ. ಹಲ್ಲಿಗೆ ಕಟ್ಟಿದ ಗಾರಿ ತಗದು ಒಳಗ ಲೇಸರ್ ಹಿಡಿತೀನಿ" ಎಂದಳು.

ಲೇಸರ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ದುಃಖ ಅರ್ಧ ಇಳಿಯಿತು. "ಕುರುಗೋಡಿನವರು ಯಾರಾದ್ರೂ ಮಾಡಿಸ್ಯಾರೇನಮ್ಮಾ?" ಎಂದು ಕೇಳಿದೆ.

"ಇಲ್ರಿ ಸರ್. ಮಷೀನು ಬಂದು ವಾರ ಆಗೈತಿ. ನೀವೇ ಮೊದಲು."

"ಹಂಗಾದ್ರ ತಡ ಯಾಕ? ಹಚ್ಚಮ್ಮಾ."

ನನಗೂ ಪಕ್ಕದಲ್ಲಿದ್ದ ನೀಲಮ್ಮನಿಗೂ ಬಣ್ಣದ ಕನ್ನಡಕ ತೊಡಿಸಿ, ತಾನೂ ತೊಟ್ಟುಕೊಂಡಳು. ನಾನು ಮಿಂಚು ಗುಡುಗಿಗೆ ಸಿದ್ಧನಾಗಿ ಕುರ್ಚಿಯ ಕೈ ಹಿಡಿದೆ. ಒಂದು ಚುಚ್ಚುಮದ್ದು, ಪೆನ್ನಿನಂಥ ಕಡ್ಡಿ, ಅದರ ತುದಿಯಲ್ಲಿ ಕೆಂಪು ಚುಕ್ಕೆ, ಕೂದಲು ಸುಟ್ಟಂಥ ಸಣ್ಣ ವಾಸನೆ. ಅಷ್ಟೇ. ಇದನ್ನು ಹೀಗೇ ಹೇಳಿದರೆ ಯಾರು ಕೇಳುತ್ತಾರೆ? ಬ್ರೂಸ್‌ಪೇಟೆಯಲ್ಲಿ ಹೇಳುವಾಗ ಸ್ವಲ್ಪ ಬೆಳಕು ಸೇರಿಸಿದೆ. ಕುರುಗೋಡು ಮುಟ್ಟುವ ಹೊತ್ತಿಗೆ ಕಿಡಿಗಳೂ ಹಾರಿದ್ದವು. ಕಂಡಕಂಡವರಿಗೆಲ್ಲ ಕೆಳತುಟಿ ಎಳೆದು ಒಸಡು ತೋರಿಸಿದೆ. ಕಡೆಗೆ ಕಿರಾಣಿ ಅಂಗಡಿಯವರೇ, "ಮೇಷ್ಟ್ರೇ, ತುಟಿ ಬಿಡ್ರಿ, ಗಿರಾಕಿ ಹೆದರತಾರ" ಎಂದು ಕೈಮುಗಿದರು.

ಮನೆಯಲ್ಲಿ ನೀಲಮ್ಮ ದಿನಕ್ಕೆರಡು ಸಲ ಬಚ್ಚಲ ಬಾಗಿಲಲ್ಲಿ ಗಡಿಯಾರ ಹಿಡಿದು ನಿಂತು ನನ್ನಿಂದ ಹಲ್ಲು ಉಜ್ಜಿಸಿದಳು. ಮೂರು ತಿಂಗಳ ಮೇಲೆ ಶಬಾನಾ ನನ್ನ ಹಲ್ಲನ್ನು ಅಲುಗಾಡಿಸಿ ನೋಡಿದಳು. ಕದಲಲಿಲ್ಲ. "ಲೇಸರ್ ಅಂದ್ರ ಲೇಸರ್!" ಎಂದೆ.

"ಲೇಸರ್ ಒಂದು ದಿನದ ಕೆಲಸ್ರಿ ಸರ್. ಉಳಿದ ದಿನ ನಿಮಗ ತಪ್ಪದಂಗ ಹಲ್ಲು ಉಜ್ಜಿಸಿದವರು ಯಾರು?" ಎಂದು ನಕ್ಕು ನೀಲಮ್ಮನ ಕಡೆ ತಿರುಗಿದಳು. "ಅಮ್ಮಾರೇ, ಬಂದೀರಿ ಅಂದಮ್ಯಾಲ ನಿಮ್ಮದೂ ಒಮ್ಮೆ ನೋಡಿಬಿಡ್ತೀನಿ ಬರ್ರಿ."

ನೀಲಮ್ಮ ಬಾಯಿ ತೆರೆದಳು. ಬಲಗಡೆಯ ಎರಡು ದವಡೆ ಹಲ್ಲು ಆಗಲೇ ಹೋಗಿದ್ದವು. ಉಳಿದ ಒಸಡು ನನ್ನದಕ್ಕಿಂತ ಕೆಟ್ಟಿತ್ತು. ವರ್ಷದಿಂದ ಎಡಗಡೆಯಲ್ಲೇ ಅಗಿಯುತ್ತಿದ್ದಳಂತೆ. ದಿನಕ್ಕೆ ಎರಡು ಹೊತ್ತು ಎದುರಿಗೇ ಕೂತು ಉಂಡ ನನಗೆ ಗೊತ್ತೇ ಇರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿತು.

"ಯಾಕ ಹೇಳಲಿಲ್ಲಲೇ?" ಎಂದೆ.

"ನೀವು ಯಾವಾಗ್ಲೂ ಬಾಯಿ ತಕ್ಕೊಂಡೇ ಇದ್ರಲ್ರಿ, ನಂದು ಯಾವಾಗ ತೋರಿಸ್ಲಿ?"

ಅವಳಿಗೂ ಲೇಸರ್ ಆಯಿತು. ಈಗ ಬಚ್ಚಲ ಬಾಗಿಲಲ್ಲಿ ಗಡಿಯಾರ ಹಿಡಿದು ನಿಲ್ಲುವವನು ನಾನು. ಗಂಡ ಹೆಂಡತಿ ಇಬ್ಬರಿಗೂ ಲೇಸರ್ ಆದ ಮನೆ ನಮ್ಮ ಓಣಿಯಲ್ಲಿ ನಮ್ಮದೊಂದೇ. ಆದರೆ ನೀಲಮ್ಮ ಯಾರ ಮುಂದೆಯೂ ಹೇಳಿಕೊಳ್ಳುವವಳಲ್ಲ. ಅದಕ್ಕೇ ಮೊನ್ನೆ ಸಿರುಗುಪ್ಪದಲ್ಲಿ, ಅವಳ ತಮ್ಮನಿಗೆ ತೋರಿಸೋಣವೆಂದು ನಾನೇ ಅವಳ ತುಟಿ ಎಳೆಯಲು ಬೆರಳು ಚಾಚಿದೆ. ಕಚ್ಚಿಬಿಟ್ಟಳು. ಬೆರಳಿಗೆ ಇನ್ನೂ ಪಟ್ಟಿ ಇದೆ. ಏನೇ ಹೇಳಿ, ಉಳಿದ ಹಲ್ಲುಗಳೆಲ್ಲ ಬಲು ಗಟ್ಟಿಯಾಗಿವೆ.