ಓನರಮ್ಮನಿಗೊಂದು ಬುರಿಟೊ

ಟೈಲರಣ್ಣನ ಬಾಯಲ್ಲಿ ಸದಾ ಸಿದ್ಧವಾಗಿರುತ್ತಿದ್ದ ಮಾತೆಂದರೆ ‘ಅದಕ್ಕೇನಂತೆ’. ನಾಳೆಯೇ ಪ್ಯಾಂಟು ಬೇಕೆಂದರೆ ಅದಕ್ಕೇನಂತೆ, ಅಪ್ಪನ ಕೋಟನ್ನು ಮಗನ ಅಳತೆಗೆ ಇಳಿಸಬೇಕೆಂದರೆ ಅದಕ್ಕೇನಂತೆ. ಈ ಮಾತನ್ನು ಅಂಗಡಿಯಲ್ಲಿ ಆಡಿಕೊಂಡಿದ್ದಷ್ಟು ದಿನ ತೊಂದರೆಯಿರಲಿಲ್ಲ. ಶನಿವಾರ ಸಂಜೆ ಫೋನಿನಲ್ಲಿ ಓನರಮ್ಮನ ಹತ್ತಿರ ಆಡಿಬಿಟ್ಟ.

ಓನರಮ್ಮ ಎಂದರೆ ಅವನ ಅಂಗಡಿ ಮತ್ತು ಅದರ ಹಿಂದಿನ ಎರಡು ಕೋಣೆಯ ಮನೆ, ಎರಡಕ್ಕೂ ಒಡತಿ. ಇರುವುದು ಬೇರೆ ಊರಿನಲ್ಲಿ. ಬಾಡಿಗೆಯ ಕರಾರು ಆ ತಿಂಗಳಿಗೆ ಮುಗಿಯುತ್ತಿತ್ತು. ರಸ್ತೆಗೆ ಮುಖ ಮಾಡಿದ ಅಂಗಡಿಯ ಮೇಲೆ ಮೂರು ಜನ ಕಣ್ಣಿಟ್ಟಿರುವುದು ಇಡೀ ಬೀದಿಗೆ ಗೊತ್ತಿತ್ತು.

“ನಾಳೆ ಮಧ್ಯಾಹ್ನ ಬಂದು ಅಂಗಡಿ ವಿಷಯ ಮಾತಾಡ್ತೀನಿ” ಎಂದರು ಓನರಮ್ಮ.

“ಊಟಕ್ಕೇ ಬನ್ನಿ ಅಮ್ಮ.”

“ನಾನೀಗ ವೀಗನ್ ಕಣಪ್ಪ. ಹಾಲು, ಮೊಸರು, ತುಪ್ಪ, ಮೊಟ್ಟೆ ಏನೂ ಮುಟ್ಟಲ್ಲ. ಹೊಟ್ಟೆ ತುಂಬೋ ಹಾಗೆ ಒಂದು ಬುರಿಟೊ ಸಿಕ್ಕಿದ್ರೆ ಸಾಕು. ಅದೆಲ್ಲ ನಿಮ್ಮ ಮನೇಲಿ ಎಲ್ಲಾಗುತ್ತೆ?”

“ಅದಕ್ಕೇನಂತೆ” ಎಂದ ಟೈಲರಣ್ಣ. ಫೋನ್ ಇಟ್ಟವನೇ ಹೆಂಡತಿಯನ್ನು ಕೇಳಿದ, “ಬುರಿಟೊ ಅಂದ್ರೆ ಏನೇ?”

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ರೋಗಿಗಳಿಗೆ ಬರುವ ಎಲ್ಲ ಜಾತಿಯ ಊಟದ ಡಬ್ಬಿಗಳನ್ನೂ ಕಂಡವಳು. “ದೊಡ್ಡ ಮೈದಾ ರೊಟ್ಟಿ. ಒಳಗೆ ಅನ್ನ, ಕಾಳು, ತರಕಾರಿ ಇಟ್ಟು, ಹಸುಗೂಸನ್ನ ಬಟ್ಟೇಲಿ ಸುತ್ತಿದ ಹಾಗೆ ಸುತ್ತೋದು. ನಾಳೆ ನಂಗೆ ಡ್ಯೂಟಿ. ಸುಮ್ನೆ ಹೋಟೆಲಿಂದ ತರಿಸಿ.”

“ಮಡಚೋದು, ಸುತ್ತೋದು ನನ್ನ ಕಸುಬು ಕಣೇ. ಅದನ್ನ ಹೋಟೆಲಿನವರ ಕೈಗೆ ಯಾಕೆ ಕೊಡಲಿ?”

ಬೆಳಿಗ್ಗೆ ಡ್ಯೂಟಿಗೆ ಹೊರಟ ಹೆಂಡತಿ ಬಾಗಿಲಲ್ಲಿ ನಿಂತು “ರಾಜ್ಮಾ ನೆನೆಹಾಕಿದ್ರಿ ತಾನೆ?” ಎಂದಾಗಲೇ ಅವನಿಗೆ ಗೊತ್ತಾಗಿದ್ದು, ಕಾಳಿಗೂ ರಾತ್ರಿಯೆಲ್ಲ ವಿಶ್ರಾಂತಿ ಬೇಕೆಂದು. ಒಣ ಕಾಳನ್ನು ಹಾಗೇ ಕುಕ್ಕರಿಗೆ ಹಾಕಿ ಒಲೆ ಹಚ್ಚಿದ. ನಾಲ್ಕು ಸೀಟಿಗೆ ಮುಚ್ಚಳ ತೆಗೆದು ನೋಡಿದರೆ ಕಾಳು ಕೋಟಿನ ಗುಂಡಿಯ ಹಾಗೆ ಗಟ್ಟಿಯಾಗಿತ್ತು. ಮತ್ತೆ ಇಟ್ಟ.

ಹನ್ನೊಂದನೆಯ ಸೀಟಿಗೆ ಮಹಡಿ ಮನೆಯ ಲೆಕ್ಕದ ಟೀಚರ್ ಇಳಿದು ಬಂದರು. ನಿವೃತ್ತರಾಗಿ ಹತ್ತು ವರ್ಷವಾದರೂ ಎಣಿಸುವ ಚಟ ಅವರನ್ನು ಬಿಟ್ಟಿರಲಿಲ್ಲ. “ಹನ್ನೊಂದಾಯ್ತು. ಮನೆಯೊಳಗೆ ರೈಲು ಬಿಡ್ತಿದೀಯೇನಯ್ಯ?”

ಅವರ ಹಿಂದೆಯೇ ಪಕ್ಕದ ಕಟಿಂಗ್ ಶಾಪಿನವನು ಗಿರಾಕಿಯನ್ನು ಅರ್ಧ ಗಡ್ಡದಲ್ಲಿ ಕುರ್ಚಿಯ ಮೇಲೆ ಬಿಟ್ಟು, ಹೆಗಲ ಮೇಲಿನ ಟವೆಲ್ಲಿನ ಸಮೇತ ಒಳಗೆ ಬಂದ.

“ಇವತ್ತು ವೀಗನ್ ಬರ್ತಿದಾರೆ” ಎಂದ ಟೈಲರಣ್ಣ.

“ಬೀಗರಾ? ನಿನಗೆ ಮಕ್ಕಳೇ ಇಲ್ವಲ್ಲ ಟೈಲರಣ್ಣ, ಬೀಗರು ಎಲ್ಲಿಂದ ಹುಟ್ಟಿಕೊಂಡ್ರು?”

“ಬೀಗರಲ್ಲ ಕಣಯ್ಯ, ವೀಗನ್. ಓನರಮ್ಮ.”

“ಹಾಗಾದ್ರೆ ಬೀಗಾನೇ. ಅಂಗಡಿ ಬಾಗಿಲಿಗೆ ಹಾಕೋದು” ಎಂದು ಅವನು ನಿಟ್ಟುಸಿರು ಬಿಟ್ಟ.

ವಿಷಯ ತಿಳಿದ ಮೇಲೆ ಇಬ್ಬರೂ ಹೋಗಲಿಲ್ಲ. ಸಹಾಯಕ್ಕೆ ನಿಂತರು. ಟೀಚರ್ ಸ್ಟೂಲಿನ ಮೇಲೆ ಕೂತು ಸೀಟಿ ಎಣಿಸಿದರು. ಕಟಿಂಗ್ ಶಾಪಿನವನು ಈರುಳ್ಳಿ, ದಪ್ಪ ಮೆಣಸಿನಕಾಯಿಗಳನ್ನು ಕತ್ತರಿಸಿದ. ಕೈಚಳಕ ಇತ್ತು, ಆದರೆ ಅಭ್ಯಾಸಬಲದಿಂದ ಹೆಚ್ಚಿದ್ದನ್ನೆಲ್ಲ ನೆಲಕ್ಕೆ ಉದುರಿಸುತ್ತಿದ್ದ. ಟೈಲರಣ್ಣ ಬೆಂದ ಕಾಳಿಗೆ ಬೆಳ್ಳುಳ್ಳಿ, ಜೀರಿಗೆ, ಒಣಮೆಣಸಿನ ಪುಡಿ ಹಾಕಿ ಹದವಾಗಿ ಮಸೆದ. ಮೆಕ್ಕೆಜೋಳದ ಕಾಳನ್ನು ತವಾದ ಮೇಲೆ ಕಂದುವವರೆಗೆ ಹುರಿದ. ಆಮೇಲೆ ಬುಟ್ಟಿಯಿಂದ ಬೆಣ್ಣೆಹಣ್ಣು ತೆಗೆದ.

“ಏನಯ್ಯ ಇದು?” ಎಂದರು ಟೀಚರ್. “ಬೆಣ್ಣೆ ಮುಟ್ಟದವರಿಗೆ ಬೆಣ್ಣೆಹಣ್ಣು ತಿನ್ನಿಸ್ತೀಯಾ?”

ಹಣ್ಣು ಹಿಡಿದ ಕೈ ಅಲ್ಲೇ ನಿಂತಿತು. ಹೆಂಡತಿಗೆ ಫೋನ್ ಮಾಡಿದ. ವಾರ್ಡಿನ ಗದ್ದಲದ ನಡುವೆ ಅವಳು ತಾಳ್ಮೆಯಿಂದಲೇ ಹೇಳಿದಳು, “ಮರದಲ್ಲಿ ಯಾರೂ ಹಾಲು ಕರೆಯಲ್ಲ ರೀ. ನಿಂಬೆರಸ ಹಿಂಡಿ ಮಸೆಯಿರಿ.”

ಹನ್ನೊಂದೂವರೆಗೆ ಅನ್ನವೂ ಆಯಿತು. ನಿಂಬೆ, ಕೊತ್ತಂಬರಿ ಬೆರೆಸಿ ರುಚಿ ನೋಡಿದ ಟೈಲರಣ್ಣನ ಹುಬ್ಬು ಮೇಲೇರಿತು. ಅವನು ಹಾಕಿದ ಸಾಮಾನಿಗೆ ಬರಬೇಕಾದ್ದಕ್ಕಿಂತ ಅನ್ನ ರುಚಿಯಾಗಿತ್ತು.

“ಒಂದು ಚಮಚ ತುಪ್ಪ ಬಿಟ್ಟೆ” ಎಂದ ಕಟಿಂಗ್ ಶಾಪಿನವನು, ಮೆಚ್ಚುಗೆಗೆ ಕಾಯುತ್ತ. “ಬರೀ ಅನ್ನ ಒಣಒಣ ಅನ್ನಿಸ್ತು.”

ಟೈಲರಣ್ಣ ಗೋಡೆ ಗಡಿಯಾರದ ಕಡೆ ನೋಡಿದ. ಆ ಕ್ಷಣದಲ್ಲಿ ಅವನಿಗೆ, ಯಾರಿಗೂ ಗೊತ್ತಾಗದು ಎನ್ನುವ ಯೋಚನೆ ಬರದೇ ಇರಲಿಲ್ಲ. ಆದರೆ ಟೆರಿಕಾಟ್ ಬಟ್ಟೆ ಕೊಟ್ಟವರಿಗೆ ಅದನ್ನು ಬದಲಿಸದೆ ಟೆರಿಕಾಟೇ ಹೊಲಿದುಕೊಟ್ಟು ಬಂದ ಮನುಷ್ಯ. ನಂಬಿಕೊಂಡು ಬರುವವರ ತಟ್ಟೆಗೆ ಕದ್ದು ತುಪ್ಪ ಬಡಿಸುವುದು ಅವನ ಕೈಲಿ ಆಗಲಿಲ್ಲ. ಅನ್ನದ ಪಾತ್ರೆಯನ್ನು ಇಡಿಯಾಗಿ ಗೆಳೆಯನ ಕೈಗೆ ಕೊಟ್ಟು, “ನೀನೂ ನಿನ್ನ ಗಿರಾಕಿನೂ ತಿನ್ನಿ” ಎಂದು ಹೊಸದಾಗಿ ಅಕ್ಕಿ ತೊಳೆದ.

ಮೈದಾ ಕಲಸಿ ರೊಟ್ಟಿ ಬೇಯಿಸಿದ ಮೇಲೆ ಉಳಿದದ್ದು ಸುತ್ತುವ ಕೆಲಸ. ಮೊದಲನೆಯದು ಮಧ್ಯಕ್ಕೇ ಒಡೆಯಿತು. ಎರಡನೆಯದು ಎರಡೂ ತುದಿಯಲ್ಲಿ ಕಾಳು ಉಗುಳಿತು. ಮೂರನೆಯದು ಹಬ್ಬದೂಟ ಮಾಡಿದವನ ಅಂಗಿಯಂತೆ ಬಿರಿಯಿತು. “ದಾರದಲ್ಲಿ ಹೊಲಿದುಬಿಡು” ಎಂದರು ಟೀಚರ್.

ಟೈಲರಣ್ಣ ಕೈ ತೊಳೆದುಕೊಂಡು ಬಿರಿದದ್ದನ್ನು ಬಿಡಿಸಿ ನೋಡಿದ. ತಪ್ಪು ಹೊಳೆಯಿತು. ಮೈ ದೊಡ್ಡದು, ಬಟ್ಟೆ ಚಿಕ್ಕದು. ಹೊಲಿಗೆಗೆ ಅಂಚೇ ಬಿಟ್ಟಿಲ್ಲ. ಉಳಿದ ಹಿಟ್ಟನ್ನು ಇನ್ನಷ್ಟು ನಾದಿ, ಒದ್ದೆ ಬಟ್ಟೆ ಮುಚ್ಚಿ, ಹದಿನೈದು ನಿಮಿಷ ಬಿಟ್ಟು, ತಟ್ಟೆಗಿಂತ ದೊಡ್ಡದಾಗಿ ತೆಳ್ಳಗೆ ಲಟ್ಟಿಸಿದ. ತವಾದಲ್ಲಿ ಬೇಯಿಸಿದ ರೊಟ್ಟಿಯನ್ನು ಬಿಸಿಯಿರುವಾಗಲೇ ಹಾಸಿ, ಸುತ್ತಲೂ ನಾಲ್ಕು ಬೆರಳು ಜಾಗ ಬಿಟ್ಟು ಹೂರಣ ಇಟ್ಟ. ಮೊದಲು ಎರಡು ಪಕ್ಕಗಳನ್ನು ತೋಳಿನ ಪಟ್ಟಿಯಂತೆ ಒಳಕ್ಕೆ ಮಡಚಿ, ಆಮೇಲೆ ಬಿಗಿಯಾಗಿ ಸುರುಳಿ ಸುತ್ತಿ, ಮಡಿಕೆ ಕೆಳಗಾಗುವಂತೆ ತವಾದ ಮೇಲಿಟ್ಟು ಒತ್ತಿದ. ಇಸ್ತ್ರಿ ಹಾಕಿದಂತೆ ಕೂತುಬಿಟ್ಟಿತು.

“ರೆಡಿಮೇಡ್ ಇದ್ದ ಹಾಗಿದೆ” ಎಂದ ಕಟಿಂಗ್ ಶಾಪಿನವನು.

ಓನರಮ್ಮ ಒಂದು ಗಂಟೆಗೆ ಬಂದರು. ಮೊದಲನೆಯದನ್ನು ಮಾತಿಲ್ಲದೆ ತಿಂದರು. ಎರಡನೆಯದನ್ನು ಕಣ್ಣು ಮುಚ್ಚಿ ತಿಂದರು. ಮೂರನೆಯದರ ಅರ್ಧಕ್ಕೆ ಬಂದಾಗ, “ಯಾರು ಮಾಡಿದ್ದು?” ಎಂದು ಕೇಳಿದರು.

“ಇವನೇ ಅಮ್ಮ” ಎಂದ ಕಟಿಂಗ್ ಶಾಪಿನವನು. “ನಾನು ಒಂದೇ ಒಂದು ಚಮಚ ತುಪ್ಪ ಹಾಕಿದ್ದಕ್ಕೆ ಪಾತ್ರೆ ಅನ್ನಾನೇ ಹೊರಗೆ ಕಳಿಸಿಬಿಟ್ಟ.”

ಓನರಮ್ಮ ಟೈಲರಣ್ಣನನ್ನು ಹೊಸದಾಗಿ ನೋಡುವವರಂತೆ ನೋಡಿದರು. ಕೈ ತೊಳೆದು ಬಂದು, ಬ್ಯಾಗಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಹರಡಿದರು.

“ಇದು ಹತ್ತು ವರ್ಷದ ಹೊಸ ಕರಾರು. ಸಹಿ ಹಾಕ್ಕೊಂಡೇ ಬಂದಿದ್ದೆ. ನಿನ್ನಂಥ ಒಳ್ಳೇ ಬಾಡಿಗೆದಾರ ಎಲ್ಲಿ ಸಿಗ್ತಾನೆ? ನೀನು ಊಟಕ್ಕೆ ಕರೆಯದೇ ಇದ್ದಿದ್ರೆ ಇದನ್ನ ಕೊಟ್ಟು, ಒಂದು ಲೋಟ ನೀರು ಕುಡ್ಕೊಂಡು ಹೊರಟುಬಿಡ್ತಿದ್ದೆ.”

ಟೈಲರಣ್ಣನ ಕಣ್ಣು ತುಂಬಿ ಬಂತು. ಕೈ ಚಾಚಿದ. ಓನರಮ್ಮ ಕಾಗದವನ್ನು ಅಚ್ಚುಕಟ್ಟಾಗಿ ಮಡಚಿ ಮತ್ತೆ ಬ್ಯಾಗಿಗೆ ಹಾಕಿಕೊಂಡರು.

“ಈಗ ಕೊಡಲ್ಲ. ಇಂಥ ಕೈ ಇಟ್ಕೊಂಡು ಪ್ಯಾಂಟು ಹೊಲೀತಾ ಕೂತಿದೀಯಲ್ಲಪ್ಪ. ಮುಂದಿನ ತಿಂಗಳಿಂದ ಆ ಜಾಗದಲ್ಲಿ ಬುರಿಟೊ ಅಂಗಡಿ. ಒಲೆ, ಬೆಂಚು ಎಲ್ಲಾ ನಾನು ಹಾಕಿಸ್ತೀನಿ. ಮಾಡೋನು ನೀನು. ಮನೆ ನಿಮಗೇ ಇರಲಿ.”

“ಅಮ್ಮ, ನನ್ನ ಮಿಷಿನ್ನು?”

“ಹಿಂದಿನ ಕೋಣೇಲಿ ಇಟ್ಕೋ. ಬಿಡುವಾದಾಗ ಹೊಲಿ. ಬಿಡುವಾಗಲ್ಲ ಬಿಡು.”

ಲೆಕ್ಕ ನೋಡಿಕೊಳ್ಳುವ ಹೊಣೆಯನ್ನು ಟೀಚರ್ ಅಲ್ಲೇ ಒಪ್ಪಿಕೊಂಡರು. ಟೈಲರಣ್ಣನನ್ನು ಯಾರೂ ಕೇಳಲಿಲ್ಲ.

ಸಂಜೆ ಬಂದ ಹೆಂಡತಿ ಚಪ್ಪಲಿ ಬಿಡುವ ಮೊದಲೇ ಕೇಳಿದಳು, “ಅಂಗಡಿ ಉಳೀತೇನ್ರೀ?”

“ಅಂಗಡಿ ಉಳೀತು ಕಣೇ. ಟೈಲರ್ ಹೋದ.”

ನಡೆದದ್ದನ್ನು ಕೇಳುತ್ತ ಅವಳು ಉಳಿದಿದ್ದ ಒಂದು ಬುರಿಟೊ ಕಚ್ಚಿದಳು. ದಿನವಿಡೀ ನಿಂತೇ ಇದ್ದ ಕಾಲುಗಳನ್ನು ಚಾಚಿ, ಕೊನೆಯ ತುಣುಕಿನವರೆಗೂ ತಿಂದು, “ಓನರಮ್ಮಂದು ಏನೂ ತಪ್ಪಿಲ್ಲ” ಎಂದು ಅಲ್ಲೇ ಒರಗಿ ಕಣ್ಣು ಮುಚ್ಚಿದಳು. ಅವಳ ಮುಖ ನೋಡಿ ಟೈಲರಣ್ಣನಿಗೆ ಜಗಳವಾಡುವ ಮನಸ್ಸಾಗಲಿಲ್ಲ.

ಮೆಲ್ಲಗೆ ಅಂಗಡಿಗೆ ಹೋಗಿ, ಒಂದು ಗಟ್ಟಿ ಕಾಟನ್ ಬಟ್ಟೆ ಹುಡುಕಿ, ಅಡುಗೆಯವರು ಕಟ್ಟುವಂಥ ಏಪ್ರನ್ನಿಗೆ ಗುರುತು ಹಾಕತೊಡಗಿದ. ಮೂವತ್ತು ವರ್ಷ ಊರವರ ಸೊಂಟಕ್ಕೆಲ್ಲ ಟೇಪು ಹಿಡಿದವನು ಮೊದಲ ಸಲ ತನ್ನ ಸೊಂಟಕ್ಕೆ ಸುತ್ತಿ ನೋಡಿದ. ನಂಬಿಕೆಯಾಗದೆ ಇನ್ನೊಮ್ಮೆ ಅಳೆದ. ಇನ್ನು ಮುಂದೆ ದಿನಾ ರುಚಿ ನೋಡಬೇಕಾದವನು ತಾನೇ ಎಂಬುದು ನೆನಪಾಗಿ, ಎರಡು ಇಂಚು ಹೆಚ್ಚಿಗೆ ಬಿಟ್ಟು ಕತ್ತರಿ ಹಾಕಿದ.